ರೋಹಿಣಿಗೆ ಮೊದಲೇ ಬೀಜ: ಪುಣೆಯಲ್ಲಿ ಮಳೆಗಾಲದ ತರಕಾರಿಗೆ ತಯಾರಿ

ಮೆಣಸಿನಕಾಯಿ ಸಸಿಯನ್ನು ಜುಲೈ ಮೊದಲ ವಾರ ನೆಲಕ್ಕೋ ಕುಂಡಕ್ಕೋ ಇಳಿಸಬೇಕು ಅಂದುಕೊಳ್ಳಿ. ಅದಕ್ಕೂ ಮೊದಲು ಸಸಿ ಮಾಡುವ ಮಡಿಯಲ್ಲಿ ಅದಕ್ಕೆ 35ರಿಂದ 40 ದಿನ ಬೇಕು. ಅಂದರೆ ಬೀಜ ಬೀಳಬೇಕಾದದ್ದು ಮೇ 25ರ ಆಸುಪಾಸು, ಪಂಚಾಂಗದ ಲೆಕ್ಕದಲ್ಲಿ ರೋಹಿಣಿ ಹೊಕ್ಕ ದಿನ. ಆ ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಮನೆಯಲ್ಲೇ ನೋಡಿಕೊಳ್ಳಲು 14 ದಿನ. ಪರೀಕ್ಷೆಯಲ್ಲಿ ಅದು ಕೈಕೊಟ್ಟರೆ ಬೇರೆ ಲಾಟ್ (ಒಟ್ಟಿಗೆ ತಯಾರಾಗಿ ಒಂದೇ ನಂಬರ್ ಪಡೆದ ಬೀಜದ ಕಂತು) ಹುಡುಕಿ ತರಲು ಇನ್ನೊಂದು ವಾರ. ಹಿಂದಕ್ಕೆ ಎಣಿಸುತ್ತ ಬಂದರೆ ಮೇ ಮೊದಲ ವಾರ ಪ್ಯಾಕೆಟ್ ಕೈಯಲ್ಲಿರಬೇಕು. ಪುಣೆಗೆ ಮುಂಗಾರು ಮುಟ್ಟುವುದು ಸಾಮಾನ್ಯವಾಗಿ ಜೂನ್ 10ರ ಹೊತ್ತಿಗೆ. ಬೀಜದ ಕೆಲಸ ಅದಕ್ಕೂ ಒಂದು ತಿಂಗಳು ಮೊದಲಿನದು.

ಹೆಚ್ಚಿನವರು ಆಕಾಶ ನೋಡಿ ಹೊರಡುತ್ತಾರೆ. ಮೊದಲ ಗುಡುಗಿನ ಮಳೆ ಬಿದ್ದ ಮೇಲೆ ಗುಲಟೇಕಡಿಯ ಮಾರ್ಕೆಟ್ ಯಾರ್ಡಿನ ಕಡೆಯ ಬೀಜದಂಗಡಿಗಳಲ್ಲಿ ಸೋಯಾ, ತೊಗರಿ, ಮೆಕ್ಕೆಜೋಳದ ಚೀಲ ಒಯ್ಯುವವರ ಗದ್ದಲ. ಹತ್ತು ಗ್ರಾಂ ಮೆಣಸಿನ ಬೀಜ ಕೇಳಿದವರಿಗೆ ನಿಂತು ಉತ್ತರ ಹೇಳಲು ಅಂಗಡಿಯವರಿಗೆ ಪುರಸೊತ್ತು ಇರುವುದಿಲ್ಲ. ಕೈಗೆ ಸಿಕ್ಕ ಪ್ಯಾಕೆಟ್ ಕೊಟ್ಟು ಮುಂದಿನವರ ಕಡೆ ತಿರುಗುತ್ತಾರೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುವ ಮಾತು ಜೋಳಕ್ಕೆ ಸರಿ. ಮಡಿಯಲ್ಲಿ ಸಸಿ ಮಾಡಿ ನಾಟಿ ಮಾಡುವ ಬೆಳೆಗೆ ಮಳೆ ಬಂದ ಮೇಲೆ ಬೀಜ ಹುಡುಕಿದರೆ ನಾಟಿ ಜುಲೈ ಕೊನೆಗೋ ಆಗಸ್ಟಿಗೋ ಹೋಗುತ್ತದೆ.

ಕೆಳಗಿನದು ಪುಣೆಯಲ್ಲಿ ತಾರಸಿಯ ಮೇಲೂ ಊರಂಚಿನ ಒಂದೆರಡು ಗುಂಟೆಯಲ್ಲೂ ತರಕಾರಿ ಬೆಳೆಯುವ ನಾವು ಕೆಲವು ಕನ್ನಡದ ಮನೆಗಳವರು ಸೇರಿ ಬೀಜ ತರುವ ಕ್ರಮ.

ಏಪ್ರಿಲ್ ಕೊನೆಗೆ ಮೊದಲು ಮಾಡುವುದು ಲೆಕ್ಕ. ಬೇಕಾದ ಗಿಡ ಎಷ್ಟು ಎಂದು ಬರೆದುಕೊಂಡು ಅಲ್ಲಿಂದ ಬೀಜಕ್ಕೆ ಬರಬೇಕು. ತಾರಸಿಗೆ 12 ಮೆಣಸಿನ ಗಿಡ ಬೇಕೆನ್ನಿ. ಮೆಣಸಿನ ಬೀಜಕ್ಕೆ ಕಾನೂನು ಕೇಳುವ ಕನಿಷ್ಠ ಮೊಳಕೆ ನೂರಕ್ಕೆ 60. ಮೊಳೆತದ್ದರಲ್ಲಿ ಐದಕ್ಕೆ ಒಂದು ಮಡಿಯಲ್ಲೇ ಸಾಯುತ್ತದೆ ಎಂದು ಹಿಡಿದರೆ ನೂರು ಬೀಜಕ್ಕೆ ಉಳಿಯುವುದು 48 ಸಸಿ. ಹನ್ನೆರಡು ಗಿಡಕ್ಕೆ 25 ಬೀಜ. ಒಂದು ಗ್ರಾಂ ಮೆಣಸಿನಲ್ಲಿ ಸುಮಾರು 150ಕ್ಕೂ ಹೆಚ್ಚು ಬೀಜ ಇರುತ್ತವೆ, ಟೊಮೆಟೊದಲ್ಲಿ 300ರ ಹತ್ತಿರ, ಬದನೆಯಲ್ಲಿ 200ರ ಮೇಲೆ. ಬೆಂಡೆಯಲ್ಲಿ ಬರೀ 15–18. ಹತ್ತು ಗ್ರಾಂ ಟೊಮೆಟೊ ಪ್ಯಾಕೆಟ್ ತಂದ ಮನೆಯವರು ಮೂರು ಸಾವಿರ ಬೀಜ ತಂದಿರುತ್ತಾರೆ. ನೆಡುವುದು ಆರು ಗಿಡ.

ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಬೆಂಡೆಯನ್ನು ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಹಾಕಿದರೆ 560 ಗುಣಿ ಬರುತ್ತವೆ. ಗುಣಿಗೆ ಎರಡು ಬೀಜದಂತೆ 70 ಗ್ರಾಂ, ಖಾಲಿ ಬಿದ್ದ ಗುಣಿ ತುಂಬಲು ಸೇರಿಸಿ 100 ಗ್ರಾಂ. ಮೆಣಸು 60ಕ್ಕೆ 45ರಲ್ಲಿ 370 ಗಿಡ, 5 ಗ್ರಾಂ ಬೇಕು. ಟೊಮೆಟೊ 90ಕ್ಕೆ 60ರಲ್ಲಿ 185 ಗಿಡ, ಒಂದೂವರೆ ಗ್ರಾಂ ಸಾಕು. ಬದನೆಗೆ ಎರಡು ಗ್ರಾಂ. ಸೊಪ್ಪಿನ ಲೆಕ್ಕ ಬೇರೆಯೇ: ಮೆಂತ್ಯ, ಪಾಲಕ್ ಗುಂಟೆಗೆ ಕಾಲು ಕಿಲೋದಿಂದ 300 ಗ್ರಾಂ ನುಂಗುತ್ತವೆ, ಹರಿವೆಗೆ 20–30 ಗ್ರಾಂ ಮೀರಬೇಕಿಲ್ಲ. ಹರಿವೆ ಬೀಜ ಸಾಸಿವೆಗಿಂತಲೂ ಸಣ್ಣದು. ಅದನ್ನು ಹತ್ತು ಪಟ್ಟು ಒಣ ಮರಳಿನಲ್ಲಿ ಬೆರೆಸಿ ಚೆಲ್ಲಬೇಕು, ಇಲ್ಲವಾದರೆ ಒಂದೇ ಕಡೆ ಗುಡ್ಡೆ ಬಿದ್ದು ಸಸಿಗಳು ಬುಡ ಕೊಳೆತು ಮಲಗುತ್ತವೆ.

ಆರು ಟೊಮೆಟೊ ಗಿಡ ಸಾಕೆನ್ನುವವರು ಬೀಜ ಕೊಳ್ಳಲೇಬೇಡಿ. ಹಡಪಸರದಿಂದ ಉರುಳಿ ಕಾಂಚನದವರೆಗೆ ಸೋಲಾಪುರ ರಸ್ತೆಯ ಉದ್ದಕ್ಕೂ ನರ್ಸರಿಗಳಿವೆ. ಟ್ರೇಯಲ್ಲಿ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿ ಸಿಗುತ್ತದೆ. ಕೇಳಬೇಕಾದದ್ದು ಎರಡೇ ಮಾತು: ತಳಿ ಯಾವುದು, ಬಿತ್ತಿ ಎಷ್ಟು ದಿನ ಆಯಿತು. ಟೊಮೆಟೊ 25–30 ದಿನದ್ದಿರಲಿ. ಟ್ರೇಯಲ್ಲೇ ಹೂ ಬಿಟ್ಟ ಸಸಿ ದೊಡ್ಡದಾಗಿ ಚೆಂದ ಕಾಣುತ್ತದೆ, ನೆಟ್ಟ ಮೇಲೆ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಬೇರು ಆ ಸಣ್ಣ ಗೂಡಿನಲ್ಲಿ ಸುತ್ತಿ ಸುತ್ತಿ ಗಂಟಾಗಿರುತ್ತದೆ.

ಮೇ ತಿಂಗಳಲ್ಲಿ ಏನು ಕೊಳ್ಳಬೇಕು ಅನ್ನುವುದಕ್ಕಿಂತ ಏನು ಕೊಳ್ಳಬಾರದು ಅನ್ನುವುದು ಮುಖ್ಯ. ಬೆಂಡೆ, ಬದನೆ, ಮೆಣಸು, ಅಲಸಂದೆ, ಹೀರೆ, ಹಾಗಲ, ಪಡವಲ, ಸೋರೆ, ಸೌತೆ, ಹರಿವೆ, ಪುಂಡಿ, ಬಸಳೆ ಈಗ ಬರಲಿ. ಕ್ಯಾರೆಟ್, ಬಟಾಣಿ, ಹಿಂಗಾರಿನ ಈರುಳ್ಳಿ ಬೀಜಗಳನ್ನು ಅಂಗಡಿಯಲ್ಲೇ ಬಿಡಿ, ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹೋದರಾಯಿತು. ಈರುಳ್ಳಿ ಬೀಜದ ಆಯುಷ್ಯ ಎಲ್ಲಕ್ಕಿಂತ ಕಡಿಮೆ, ತೆರೆದಿಟ್ಟರೆ ಒಂದು ಮಳೆಗಾಲದಲ್ಲೇ ಅರ್ಧ ಸತ್ತಿರುತ್ತದೆ. ಕೊತ್ತಂಬರಿ ಮತ್ತು ಮೆಂತ್ಯ ಜೂನ್–ಜುಲೈ ಮಳೆಗೆ ಸಿಕ್ಕರೆ ಕೊಳೆಯುತ್ತವೆ. ತಾರಸಿಯಲ್ಲಿ ಮೇಲೆ ಶೀಟ್ ಇದ್ದವರು ಮಾತ್ರ ತರಲಿ. ಮೆಂತ್ಯಕ್ಕೆ ಅಡುಗೆಮನೆಯ ಡಬ್ಬಿಯದೇ ನಡೆಯುತ್ತದೆ. ಕೊತ್ತಂಬರಿ ಕಾಳು ಹಾಗಲ್ಲ. ಕಿರಾಣಿಯದು ಎಷ್ಟು ಹಳೆಯದೋ ತಿಳಿಯುವುದಿಲ್ಲ, ಬೀಜದಂಗಡಿಯದೇ ಮೇಲು. ಯಾವುದೇ ಆದರೂ ಬಿತ್ತುವಾಗ ಕೈಯಲ್ಲಿ ಉಜ್ಜಿ ಎರಡು ಹೋಳು ಮಾಡಬೇಕು.

ಕಾಲಕ್ಕೆ ಕಟ್ಟುಬಿದ್ದ ತಳಿಗಳ ವಿಷಯ ಪ್ಯಾಕೆಟ್ಟಿನ ಚಿತ್ರ ಹೇಳುವುದಿಲ್ಲ. ಹಳೆಯ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಜೂನಿನಲ್ಲಿ ಹಾಕಿದರೆ ನಾಲ್ಕು ತಿಂಗಳು ಬಳ್ಳಿಯೇ ಬೆಳೆಯುತ್ತದೆ, ‘ಬೀಜ ಖೋಟಾ’ ಎಂದು ಅಂಗಡಿಯವರನ್ನು ಬೈಯುತ್ತೇವೆ. ಮಳೆಗಾಲದಲ್ಲೇ ಕಾಯಿ ಬೇಕಾದರೆ ಹಗಲಿನ ಉದ್ದಕ್ಕೆ ಲೆಕ್ಕಿಸದ ಅರ್ಕಾ ಜಯ್ ಅಥವಾ ಅರ್ಕಾ ವಿಜಯ್ ಅವರೆ ತರಿಸಬೇಕು. ಇವು ಗಿಡ್ಡ ಪೊದೆ, ಕುಂಡಕ್ಕೂ ಹೊಂದುತ್ತವೆ. ಈರುಳ್ಳಿಯದೂ ಇದೇ ಕಥೆ. ಆನ್‌ಲೈನಿನಲ್ಲಿ ಬಣ್ಣದ ಚಿತ್ರ ಹಾಕಿ ಮಾರುವ ಚಳಿದೇಶದ ಈರುಳ್ಳಿಗೆ ಗಡ್ಡೆ ಕಟ್ಟಲು 14 ಗಂಟೆಗೂ ಹೆಚ್ಚು ಹಗಲು ಬೇಕು. ಪುಣೆಯಲ್ಲಿ ವರ್ಷದ ಅತಿ ಉದ್ದದ ಹಗಲೇ 13 ಗಂಟೆ ಕಾಲು. ಸೊಪ್ಪು ಬರುತ್ತದೆ, ಗಡ್ಡೆ ಬರುವುದಿಲ್ಲ. ಮುಂಗಾರಿನ ಈರುಳ್ಳಿಯೇ ಬೇಕೆಂದರೆ ಪುಣೆ–ನಾಶಿಕ ರಸ್ತೆಯ ರಾಜಗುರುನಗರದಲ್ಲಿರುವ ಈರುಳ್ಳಿ–ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ ಭೀಮಾ ಸೂಪರ್, ಭೀಮಾ ಡಾರ್ಕ್ ರೆಡ್, ಅಥವಾ ಹಳೆಯ ಎನ್-53 ಕೇಳಿ. ಹಡಪಸರದ ಪಕ್ಕದ ಫುರಸುಂಗಿಯ ಹೆಸರು ಹೊತ್ತ ಈರುಳ್ಳಿ ಹಿಂಗಾರಿನದು, ಅದನ್ನು ಮೇ ತಿಂಗಳಲ್ಲಿ ಮಡಿಗೆ ಹಾಕಬೇಡಿ. ಹೂಕೋಸಿನಲ್ಲಂತೂ ಬೇಗದ ತಳಿ, ನಡುವಿನ ತಳಿ, ತಡದ ತಳಿ ಎಂದು ಬೇರೆ ಬೇರೆ. ತಡದ್ದನ್ನು ಮೊದಲು ಹಾಕಿದರೆ ಎಲೆಯೇ ಎಲೆ, ಬೇಗದ್ದನ್ನು ತಡವಾಗಿ ಹಾಕಿದರೆ ಗುಂಡಿಯಷ್ಟು ಹೂ.

ಅಂಗಡಿಗೆ ಹೋಗುವ ಮುನ್ನ ಹೆಸರುಗಳನ್ನು ಮರಾಠಿಯಲ್ಲಿ ಬರೆದುಕೊಳ್ಳಿ. ಇದು ಸಣ್ಣ ಮಾತಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಚವಳಿಕಾಯಿ ಎನ್ನುವುದು ಗೋರಿಕಾಯಿಯನ್ನು. ಇಲ್ಲಿ ‘ಚವಳಿ’ ಎಂದು ಕೇಳಿದರೆ ಕೈಗೆ ಬರುವುದು ಅಲಸಂದೆ ಬೀಜ. ಗೋರಿಕಾಯಿಗೆ ಇಲ್ಲಿನ ಹೆಸರು ಗವಾರ. ಬೀಜ ನೋಡಿದರೂ ಗೊತ್ತಾಗುತ್ತದೆ, ಗವಾರದ್ದು ಸಣ್ಣ ಬೂದು ಬಣ್ಣದ ಚಪ್ಪಟೆ ಕಾಳು, ಅಲಸಂದೆಯದು ಕಣ್ಣಿರುವ ದೊಡ್ಡ ಕಾಳು. ಆದರೆ ಮುಚ್ಚಿದ ಪ್ಯಾಕೆಟ್ಟಿನಲ್ಲಿ ನೋಡುವವರು ಯಾರು? ‘ಘೇವಡಾ’ ಇನ್ನೊಂದು ಗೊಂದಲ. ಶ್ರಾವಣ ಘೇವಡಾ ಅಂದರೆ ಬೀನ್ಸ್, ವಾಲ ಘೇವಡಾ ಅಂದರೆ ಚಪ್ಪರದವರೆಯ ಜಾತಿ. ಬರೀ ಘೇವಡಾ ಎಂದರೆ ಅಂಗಡಿಯವರಿಗೆ ತೋಚಿದ್ದು. ಹೀರೆಗೆ ದೋಡಕಾ, ತುಪ್ಪಹೀರೆಗೆ ಘೋಸಾಳೆ, ಸೋರೆಗೆ ದೂಧಿ ಭೋಪಳಾ, ಸಿಹಿಗುಂಬಳಕ್ಕೆ ತಾಂಬಡಾ ಭೋಪಳಾ, ದೊಣ್ಣೆಮೆಣಸಿಗೆ ಭೋಪಳಿ ಮಿರಚಿ. ಭೋಪಳಾ ಎಂಬ ಒಂದೇ ಮಾತು ಮೂರು ಕಡೆ ತಿರುಗುತ್ತದೆ. ಪುಂಡಿಗೆ ಅಂಬಾಡಿ, ಸಬ್ಬಸಿಗೆಗೆ ಶೇಪು, ಕೆಂಪು ಹರಿವೆಗೆ ಲಾಲ ಮಾಠ, ಬಸಳೆಗೆ ಮಾಯಾಳೂ. ಪಡವಲ ಮಾತ್ರ ಪಡವಳವಾಗಿ ನಮ್ಮ ಕಡೆಗೇ ಇದೆ.

ಈಗ ಪ್ಯಾಕೆಟ್. ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ತಳಿಯ ಹೆಸರು, ಲಾಟ್ ನಂಬರ್, ಪರೀಕ್ಷೆಯ ದಿನಾಂಕ, ಪ್ಯಾಕ್ ಮಾಡಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಕನಿಷ್ಠ ಮೊಳಕೆ, ಶುದ್ಧತೆ, ತೂಕ, ಬೀಜಕ್ಕೆ ಹಚ್ಚಿದ ಔಷಧಿಯ ಹೆಸರು, ತಯಾರಕರ ವಿಳಾಸ ಇರಬೇಕು. 1966ರ ಬೀಜ ಕಾಯ್ದೆ ಮತ್ತು 1968ರ ನಿಯಮಗಳ ಕಾಲದಿಂದ ಲೇಬಲ್ಲಿಗೆ ಒಂದು ಕ್ರಮ ಇದೆ. ದೃಢೀಕೃತ ಬೀಜಕ್ಕೆ ನೀಲಿ ಟ್ಯಾಗ್, ಮೂಲ ಬೀಜಕ್ಕೆ ಬಿಳಿ, ತಳಿಗಾರರ ಬೀಜಕ್ಕೆ ಹಳದಿ, ತಯಾರಕರು ತಾವೇ ಜವಾಬ್ದಾರಿ ಹೊತ್ತು ಕೊಡುವ ‘ಸತ್ಯ ಲೇಬಲ್’ ಬೀಜಕ್ಕೆ ಹಸಿರು. ತರಕಾರಿಯಲ್ಲಿ, ಅದರಲ್ಲೂ ಖಾಸಗಿ ಕಂಪನಿಗಳ ಹೈಬ್ರಿಡ್‌ಗಳಲ್ಲಿ, ಕಾಣುವುದು ಬಹುತೇಕ ಹಸಿರೇ. ನೀಲಿ ಇಲ್ಲವೆಂದು ಗಾಬರಿ ಬೇಡ. ಯಾವ ಟ್ಯಾಗೂ ಇಲ್ಲದ, ಜಿಪ್ ಚೀಲದಲ್ಲಿ ‘100 ಬೀಜ’ ಎಂದಷ್ಟೇ ಬರೆದು ಬರುವುದಕ್ಕೆ ಗಾಬರಿಯಾಗಬೇಕು.

ದಿನಾಂಕದಲ್ಲಿ ಕಣ್ಣು ಮೋಸ ಹೋಗುವುದು ಇಲ್ಲಿ: ಪ್ಯಾಕ್ ಮಾಡಿದ ದಿನ ಹೊಸದಾಗಿದ್ದರೂ ಒಳಗಿನ ಬೀಜ ಹೊಸದಾಗಿರಬೇಕಿಲ್ಲ. ನೋಡಬೇಕಾದದ್ದು ಪರೀಕ್ಷೆಯ ದಿನ. ಸಾಮಾನ್ಯ ನಿಯಮದಂತೆ ಅವಧಿ ಅಲ್ಲಿಂದ 9 ತಿಂಗಳು. ಜನವರಿ 10ರಂದು ಪರೀಕ್ಷೆಯಾದದ್ದು ಅಕ್ಟೋಬರ್ 9ಕ್ಕೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಕೊಳ್ಳುವಾಗ ಡಿಸೆಂಬರ್ ಆಚೆಗೆ ಪರೀಕ್ಷೆಯಾದದ್ದು ಸಿಕ್ಕರೆ ಒಳ್ಳೆಯದು. ಅವಧಿ ಜೂನಿಗೇ ಮುಗಿಯುವ ಪ್ಯಾಕೆಟ್ಟನ್ನು ಅಂಗಡಿಯವರು ಮುಂದೆ ತಳ್ಳುತ್ತಾರೆ, ಅವರ ತಪ್ಪಲ್ಲ, ಅವರಿಗೂ ಸರಕು ಖಾಲಿಯಾಗಬೇಕು. ಹಳೆಯ ದಿನಾಂಕದ ಮೇಲೆ ಹೊಸ ಚೀಟಿ ಅಂಟಿಸಿದ್ದು ಕಂಡರೆ ಮಾತಿಲ್ಲದೆ ಕೆಳಗಿಡಿ.

ಮೊಳಕೆಯ ಅಂಕೆ ಬೆಳೆಯಿಂದ ಬೆಳೆಗೆ ಬೇರೆ. ಟೊಮೆಟೊ, ಬದನೆ, ಈರುಳ್ಳಿ, ಮೂಲಂಗಿಗೆ ಕನಿಷ್ಠ 70, ಬೆಂಡೆಗೆ 65, ಮೆಣಸಿಗೆ ಮತ್ತು ಸೋರೆಯಂಥ ಬಳ್ಳಿಗಳಿಗೆ 60, ಅಲಸಂದೆಗೆ ಬೀನ್ಸಿಗೆ 75. ಆದ್ದರಿಂದ ಮೆಣಸಿನ ಪ್ಯಾಕೆಟ್ಟಿನಲ್ಲಿ 60 ಕಂಡು ‘ಕಳಪೆ’ ಎನ್ನಬೇಡಿ. ಈ ಅಂಕೆ ಪ್ರಯೋಗಾಲಯದ ಹದವಾದ ಉಷ್ಣದಲ್ಲಿ ಬಂದದ್ದು. ಮೇ ತಿಂಗಳ ತಾರಸಿಯಲ್ಲಿ ಅಷ್ಟು ಬರುವುದಿಲ್ಲ.

ಹೈಬ್ರಿಡ್ ಬೇಕೋ ಸುಧಾರಿತ ತಳಿ ಬೇಕೋ? ಟೊಮೆಟೊ, ದೊಣ್ಣೆಮೆಣಸಿಗೆ ಹೈಬ್ರಿಡ್ ಕೊಳ್ಳುವುದರಲ್ಲಿ ಅರ್ಥವಿದೆ. ಎಲೆಮುರುಟು, ಸೊರಗು, ಎಲೆಮಚ್ಚೆ ಮೂರನ್ನೂ ತಕ್ಕಮಟ್ಟಿಗೆ ತಾಳುವ ಅರ್ಕಾ ರಕ್ಷಕ್‌ನಂಥದು ಮಳೆಗಾಲದಲ್ಲಿ ತನ್ನ ಬೆಲೆ ತಾನೇ ತೀರಿಸುತ್ತದೆ. ಸೊಪ್ಪು, ಅಲಸಂದೆ, ಅವರೆ, ಹೀರೆಗೆ ಹೈಬ್ರಿಡ್ ದುಡ್ಡು ಮನೆಮಟ್ಟಕ್ಕೆ ದಂಡ. ಹೈಬ್ರಿಡ್ ಹಣ್ಣಿನಿಂದ ಬೀಜ ತೆಗೆದು ಮುಂದಿನ ವರ್ಷ ಹಾಕಿದರೆ ಒಂದು ಗಿಡ ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ, ಇನ್ನೊಂದು ಯಾರ ಹಾಗೂ ಇಲ್ಲ. ಪ್ಯಾಕೆಟ್ಟಿನ ಮೇಲೆ ‘ಎಫ್-1’ (ಮೊದಲ ತಲೆಮಾರಿನ ಹೈಬ್ರಿಡ್) ಎಂದಿದೆಯೇ ನೋಡಿ. ಬರೀ ‘ರಿಸರ್ಚ್’ ಎಂದಿದ್ದರೆ ಹೈಬ್ರಿಡ್ ಎಂದೇ ಅಲ್ಲ.

ಬೆಂಡೆಯ ತಳಿ ಕೇಳುವಾಗ ಹಳದಿ ನಂಜಿನ ಮಾತು ಬರಲೇಬೇಕು. ಎಲೆಯ ನರ ಹಳದಿಯಾಗಿ ಕಾಯಿ ಬಿಳಿಚುವ ಆ ರೋಗ ಬೀಜದಿಂದ ಬರುವುದಿಲ್ಲ, ಬಿಳಿನೊಣ ಹೊತ್ತು ತರುತ್ತದೆ. ಪೂಸಾ ಸಾವನಿ ಒಂದು ಕಾಲಕ್ಕೆ ಅದನ್ನು ತಡೆಯುತ್ತಿತ್ತು, ಈಗ ತಡೆಯುವುದಿಲ್ಲ. ಆದರೂ ಹೆಸರಿನ ಬಲದ ಮೇಲೆ ಮಾರಾಟವಾಗುತ್ತಲೇ ಇದೆ. ಹೆಸರಘಟ್ಟದ ಅರ್ಕಾ ಅನಾಮಿಕಾ, ಪರಭಣಿ ಕೃಷಿ ವಿಶ್ವವಿದ್ಯಾಲಯದ ಪರಭಣಿ ಕ್ರಾಂತಿ ಅದಕ್ಕಿಂತ ವಾಸಿ. ಅವುಗಳ ತಡೆಯೂ ಕೆಲವು ಕಡೆ ಸಡಿಲವಾಗಿದೆ, ಹಾಗಾಗಿ ಹಳದಿಯಾದ ಗಿಡವನ್ನು ಕಂಡ ದಿನವೇ ಕಿತ್ತೆಸೆಯುವುದು ತಪ್ಪಲಿಲ್ಲ. ಅರ್ಕಾ ತಳಿಗಳು ಪುಣೆಯ ಅಂಗಡಿಯಲ್ಲಿ ಸಿಗದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆನ್‌ಲೈನಿನಲ್ಲೂ ಮಾರುತ್ತದೆ. ಅಂಚೆಗೆ ಬೇಕಾದ ದಿನಗಳನ್ನು ಮೊದಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೊದಲ ಸಲ ಹೋದಾಗ ಎಲ್ಲವನ್ನೂ ಕೊಳ್ಳುವುದಿಲ್ಲ. ಹೆಚ್ಚು ಬೇಕಾದ ಬೆಳೆಯ ಒಂದೊಂದೇ ಸಣ್ಣ ಪ್ಯಾಕೆಟ್ ತಂದು, ಲಾಟ್ ನಂಬರ್ ಗುರುತು ಹಾಕಿಕೊಂಡು, ಪರೀಕ್ಷೆ ಮಾಡಿ, ಆಮೇಲೆ ಅದೇ ಲಾಟಿನ ಉಳಿದದ್ದನ್ನು ತರುವುದು. ಏಪ್ರಿಲ್ ಕೊನೆಗೆ ಶುರು ಮಾಡಿದರೆ ಇದಕ್ಕೆ ಸಮಯ ಸಿಗುತ್ತದೆ. ಜೂನಿನಲ್ಲಿ ಸಿಗುವುದಿಲ್ಲ, ಆ ಲಾಟೂ ಆಗ ಉಳಿದಿರುವುದಿಲ್ಲ.

ಬಿಲ್ ಕೇಳಿ ಪಡೆಯಬೇಕು. ಕೇಳುವ ರೀತಿ ಸರಳ: ‘ದಾದಾ, ಬಿಲ್ ದ್ಯಾ, ತ್ಯಾವರ ಲಾಟ್ ನಂಬರ್ ಲಿಹಾ.’ (ಅಣ್ಣಾ, ಬಿಲ್ ಕೊಡಿ, ಅದರ ಮೇಲೆ ಲಾಟ್ ನಂಬರ್ ಬರೆಯಿರಿ.) 1983ರ ಬೀಜ ನಿಯಂತ್ರಣ ಆದೇಶದಂತೆ ಬೀಜ ಮಾರಲು ಪರವಾನಗಿ ಬೇಕು, ದಾಸ್ತಾನು ಮತ್ತು ದರದ ಪಟ್ಟಿ ಕಾಣುವಂತೆ ಹಾಕಬೇಕು, ಕೊಂಡವರಿಗೆ ಚೀಟಿ ಕೊಡಬೇಕು. ಮೂವತ್ತು ರೂಪಾಯಿಯ ಪ್ಯಾಕೆಟ್ಟಿಗೂ ಇದು ಅನ್ವಯ. ಮುಖ ಸಿಂಡರಿಸಿದರೆ ಪರವಾಗಿಲ್ಲ, ಕೊಡುತ್ತಾರೆ. ಗುಂಟೆಗಟ್ಟಲೆ ಬೆಳೆದು ಬೀಜ ಕೈಕೊಟ್ಟರೆ ತಾಲೂಕು ಕೃಷಿ ಅಧಿಕಾರಿಗೆ ದೂರು ಕೊಡುವಾಗ ಬಿಲ್, ಟ್ಯಾಗ್, ಖಾಲಿ ಪ್ಯಾಕೆಟ್, ಒಂದಿಷ್ಟು ಉಳಿದ ಬೀಜ, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಮಾತು ಮುಂದೆ ಹೋಗುವುದಿಲ್ಲ.

ತಂದ ಪ್ಯಾಕೆಟ್ ಸ್ಕೂಟರಿನ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಬಿಸಿಲಿಗೆ ನಿಂತರೆ ಮೇಲಿನದೆಲ್ಲ ವ್ಯರ್ಥ. ಮೇ ತಿಂಗಳ ಪುಣೆಯಲ್ಲಿ ನೆರಳಲ್ಲೇ 38–40 ಡಿಗ್ರಿ ಇರುತ್ತದೆ, ಮುಚ್ಚಿದ ಡಿಕ್ಕಿಯೊಳಗೆ ಕೇಳಬೇಡಿ. ಬೆಳಿಗ್ಗೆ ಹೋಗಿ ಬಟ್ಟೆಚೀಲದಲ್ಲಿ ನೇರ ಮನೆಗೆ ತನ್ನಿ.

ಮೊಳಕೆ ಪರೀಕ್ಷೆಗೆ ಬೇಕಾದದ್ದು ಹಳೆಯ ಹತ್ತಿ ಪಂಚೆಯ ತುಂಡು, ಒಂದು ಪ್ಲಾಸ್ಟಿಕ್ ಡಬ್ಬಿ, ಪೆನ್ನು. ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ ಆರಿಸಿಕೊಳ್ಳಿ, ಸಾಬೂನಿನ ವಾಸನೆ ಇರಬಾರದು. ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ. ಬೆರಳಿನಿಂದ ಒತ್ತಿದರೆ ನೀರು ಒಸರಬಾರದು, ಬೆರಳು ತಣ್ಣಗಾಗಬೇಕು, ಅಷ್ಟೇ. ಬೀಜಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು, ಮೇಲೊಂದು ಪದರ ಹಾಕಿ, ಸಡಿಲವಾಗಿ ಸುರುಳಿ ಸುತ್ತಿ ಡಬ್ಬಿಯಲ್ಲಿಡಿ. ಮುಚ್ಚಳ ಬಿಗಿಯಬಾರದು, ಬೀಜಕ್ಕೆ ಗಾಳಿ ಬೇಕು. ಅಡುಗೆಮನೆಯ ಕಟ್ಟೆಯ ಕೆಳಗೆ ನೀರಿನ ಬಿಂದಿಗೆಯ ಪಕ್ಕದ ಜಾಗ ಹದವಾಗಿರುತ್ತದೆ. ಮೆಣಸು 25–30 ಡಿಗ್ರಿಯಲ್ಲಿ ಸರಾಗ ಮೊಳೆಯುತ್ತದೆ, 35 ದಾಟಿದರೆ ಸುಮ್ಮನೆ ಕೂರುತ್ತದೆ.

ಎಷ್ಟು ಬೀಜ? ಹತ್ತು ಇಟ್ಟು ಏಳು ಮೊಳೆತರೆ ‘ನೂರಕ್ಕೆ ಎಪ್ಪತ್ತು’ ಎಂದು ಹೇಳುವುದು ಅಭ್ಯಾಸ. ಹತ್ತರ ಲೆಕ್ಕದಲ್ಲಿ ಏಳು ಬಂದರೆ ನಿಜವಾದ ಪ್ರಮಾಣ 40ರಿಂದ 90ರ ನಡುವೆ ಎಲ್ಲಾದರೂ ಇರಬಹುದು. ಐವತ್ತು ಇಟ್ಟರೆ ಆ ಅಂತರ ಸುಮಾರು 55ರಿಂದ 80ಕ್ಕೆ ಇಳಿಯುತ್ತದೆ. ಟೊಮೆಟೊ, ಮೆಣಸು, ಬದನೆಯಲ್ಲಿ ಐವತ್ತು ಬೀಜ ಕಾಲು ಗ್ರಾಮಿನ ಆಚೀಚೆ, ಹರಿವೆಯಲ್ಲಿ ಅದಕ್ಕೂ ಬಹಳ ಕಡಿಮೆ, ಜಿಪುಣತನ ಬೇಡ. ಹಾಗಲ, ಸೋರೆಯಂಥ ದುಬಾರಿ ದೊಡ್ಡ ಬೀಜಕ್ಕೆ ಪರೀಕ್ಷೆಯನ್ನೇ ಬಿತ್ತನೆ ಮಾಡಿಬಿಡಿ, ಮೊಳೆತದ್ದನ್ನು ಹಾಗೇ ಕುಂಡಕ್ಕೆ ಇಳಿಸಿದರಾಯಿತು.

ದಿನಕ್ಕೊಮ್ಮೆ ಬಿಚ್ಚಿ ನೋಡಿ, ಬೂಷ್ಟು ಹಿಡಿದದ್ದನ್ನು ತೆಗೆಯಿರಿ, ತೆಗೆದ ಲೆಕ್ಕ ಬರೆಯಿರಿ. ಬರೀ ಬಿಳಿ ತುದಿ ಇಣುಕಿದ್ದು ಮೊಳಕೆಯಲ್ಲ. ಬೇರೂ ಕಾಂಡವೂ ಸರಿಯಾಗಿ ನೀಳವಾದದ್ದನ್ನಷ್ಟೇ ಎಣಿಸಬೇಕು. ಈರುಳ್ಳಿಗೆ 12 ದಿನ, ಟೊಮೆಟೊ, ಬದನೆ, ಮೆಣಸಿಗೆ 14 ದಿನ ಕಾಯಿರಿ. ಮೆಣಸು ಮೊದಲ ವಾರ ಏನೂ ತೋರಿಸದಿದ್ದರೂ ಎಸೆಯಬೇಡಿ. ಬೆಂಡೆಯಲ್ಲಿ ಸಿಪ್ಪೆ ಕಲ್ಲಿನಂತಿರುವ ಕೆಲವು ಬೀಜ ನೀರನ್ನೇ ಕುಡಿಯುವುದಿಲ್ಲ. ಅವು ಸತ್ತಿಲ್ಲ, 21 ದಿನದವರೆಗೆ ಬರುತ್ತವೆ. ಬಿತ್ತುವಾಗ 12 ಗಂಟೆ ನೆನೆಸುವುದು ಇದಕ್ಕೇ. ಹಾಗಲದ ಬೀಜಕ್ಕೆ ಉಗುರು ಕತ್ತರಿಯಿಂದ ಮೊನಚು ತುದಿಯ ಸಿಪ್ಪೆಯನ್ನು ಸ್ವಲ್ಪವೇ ಚಿವುಟಿದರೆ ಮೊಳಕೆ ಬೇಗ ಬರುತ್ತದೆ.

ನೀರಿಗೆ ಹಾಕಿ ‘ತೇಲಿದ್ದು ಸತ್ತದ್ದು, ಮುಳುಗಿದ್ದು ಬದುಕಿದ್ದು’ ಎನ್ನುವ ಪರೀಕ್ಷೆಯನ್ನು ತರಕಾರಿಗೆ ಬಳಸಬೇಡಿ. ಟೊಮೆಟೊ ಬೀಜಕ್ಕೆ ಸಣ್ಣ ಕೂದಲಿದೆ, ಗಾಳಿ ಹಿಡಿದು ಒಳ್ಳೆಯದೂ ತೇಲುತ್ತದೆ. ಹಚ್ಚಿದ ಔಷಧಿಯೂ ತೊಳೆದುಹೋಗುತ್ತದೆ. ಗುಲಾಬಿ, ಹಸಿರು, ನೀಲಿ ಬಣ್ಣದ ಬೀಜವೆಲ್ಲ ಔಷಧಿ ಹಚ್ಚಿದ್ದು. ಕೈ ತೊಳೆಯಿರಿ, ಉಳಿದದ್ದನ್ನು ಪಾರಿವಾಳಕ್ಕೆ ಚೆಲ್ಲಬೇಡಿ, ಅಡುಗೆಗಂತೂ ಹೋಗಲೇಬಾರದು. ಬಣ್ಣವಿಲ್ಲದ ಬೀಜಕ್ಕೆ ಬಿತ್ತುವ ದಿನ ಟ್ರೈಕೋಡರ್ಮಾ ಎಂಬ ಉಪಕಾರಿ ಬೂಷ್ಟಿನ ಪುಡಿ ಹಚ್ಚಬಹುದು, ಕಿಲೋಗೆ 4–5 ಗ್ರಾಂ ಲೆಕ್ಕ, ಅಂದರೆ ಮನೆಮಟ್ಟಕ್ಕೆ ಚಿಟಿಕೆ. ಔಷಧಿ ಹಚ್ಚಿದ್ದರ ಮೇಲೆ ಅದನ್ನು ಹಚ್ಚಿ ಫಲವಿಲ್ಲ, ಬೂಷ್ಟುನಾಶಕ ಅದನ್ನೂ ಕೊಲ್ಲಬಹುದು.

ಲೆಕ್ಕದ ಉತ್ತರ ಬಂದ ಮೇಲೆ: ಲೇಬಲ್ ಹೇಳಿದಷ್ಟು ಬಂದರೆ ಮುಂದುವರಿಯಿರಿ. 70 ಎಂದದ್ದು 50 ಬಂದರೆ ಬಿತ್ತುವ ಪ್ರಮಾಣ ಒಂದೂವರೆ ಪಟ್ಟು ಮಾಡಿ. 40ಕ್ಕೂ ಇಳಿದರೆ ಆ ಲಾಟ್ ಬಿಡಿ, ಹೆಚ್ಚು ಬಿತ್ತಿದರೂ ಪ್ರಯೋಜನವಿಲ್ಲ, ಅಂಥ ಲಾಟಿನಲ್ಲಿ ಮೊಳೆತ ಸಸಿಗಳೂ ನಿಶ್ಶಕ್ತ.

ಇಡುವುದು ಮುಂದಿನ ಮಾತು. ಬೀಜದ ಶತ್ರು ತೇವ ಮತ್ತು ಸೆಕೆ, ಎರಡೂ ಸೇರಿದರೆ ಇನ್ನೂ ಕೆಟ್ಟದ್ದು. ಬೀಜದೊಳಗಿನ ತೇವ ನೂರಕ್ಕೆ ಒಂದು ಇಳಿದರೆ ಆಯುಷ್ಯ ಇಮ್ಮಡಿ, ಇಡುವ ಜಾಗ 5 ಡಿಗ್ರಿ ತಂಪಾದರೆ ಮತ್ತೆ ಇಮ್ಮಡಿ ಎಂಬುದು ಬೀಜಶಾಸ್ತ್ರದವರ ಹಳೆಯ ಸೂತ್ರ. ಮೇ ತಿಂಗಳಲ್ಲಿ ಒಡೆದ ಪ್ಯಾಕೆಟ್ಟನ್ನು ರಬ್ಬರ್ ಬ್ಯಾಂಡ್ ಸುತ್ತಿ ಕಪಾಟಿನಲ್ಲಿಟ್ಟರೆ ಜುಲೈ ಗಾಳಿಯ ತೇವವನ್ನೆಲ್ಲ ಅದು ಕುಡಿಯುತ್ತದೆ. ಐದು ಮನೆಗೆ ಒಂದು ಪ್ಯಾಕೆಟ್ ಹಂಚುವುದಿದ್ದರೆ ಒಣ ಹವೆಯ ಮೇ ತಿಂಗಳಲ್ಲೇ ಹಂಚಿ, ಪ್ರತಿ ಕಾಗದದ ಪೊಟ್ಟಣದ ಮೇಲೂ ತಳಿ, ಲಾಟ್, ಅವಧಿ ಬರೆದು, ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಡಿ. ಜೊತೆಗೆ ಸಿಲಿಕಾ ಜೆಲ್, ಇಲ್ಲವೇ ಕೆಂಪಗೆ ಹುರಿದು ಬಿಸಿಯಾರಿದ ಅಕ್ಕಿಯ ಗಂಟು. ನೀಲಿ ಜೆಲ್ ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಬಾಟಲಿ ಫ್ರಿಜ್ಜಿನ ಕೆಳಗಿನ ಖಾನೆಗೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ಮೂರು ನಾಲ್ಕು ಗಂಟೆ ಬಿಟ್ಟು ಬಾಟಲಿ ಕೋಣೆಯ ಹದಕ್ಕೆ ಬಂದ ಮೇಲೆ ಬಿಚ್ಚಿ. ಇಲ್ಲವಾದರೆ ತಣ್ಣನೆಯ ಬೀಜದ ಮೇಲೆ ಹವೆಯ ನೀರು ಹನಿಗಟ್ಟುತ್ತದೆ.

ಹೀಗಿಟ್ಟರೆ ಟೊಮೆಟೊ, ಬದನೆ ಮೂರು ನಾಲ್ಕು ವರ್ಷ, ಮೆಣಸು, ಬೆಂಡೆ ಎರಡು ವರ್ಷ ನಡೆಯುತ್ತವೆ. ಈರುಳ್ಳಿ ಒಂದೇ ವರ್ಷ.

ಊರಿನಿಂದ ಬರುವ ಬೀಜಕ್ಕೆ ಲೇಬಲ್ ಇಲ್ಲ. ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಟ್ಟ ಹೀರೆ, ಸೋರೆಯ ಬೀಜ, ಬೂದಿಯಲ್ಲಿ ಇಟ್ಟ ಅವರೆ. ಇವು ಒಣಗಿಸಿದ ಕೈ ನೆಟ್ಟಗಿದ್ದರೆ ಅಂಗಡಿಯದಕ್ಕಿಂತ ಚೆನ್ನಾಗಿ ಮೊಳೆಯುತ್ತವೆ. ತೊಂದರೆ ಬೇರೆ ಕಡೆ ಇದೆ. ಮಟ್ಟು ಗುಳ್ಳದ ಬೀಜ ತಂದು ಪಕ್ಕದ ಕುಂಡದಲ್ಲೇ ಇಲ್ಲಿಯ ನೇರಳೆ ಬದನೆ ಬೆಳೆಸಿದರೆ ಆ ವರ್ಷದ ಕಾಯಿ ಗುಳ್ಳವೇ. ಅದರಿಂದ ತೆಗೆದ ಬೀಜ ಮಾತ್ರ ಬೆರಕೆಯಾಗಿರಬಹುದು, ಬದನೆ ಹೂವಿಗೆ ಜೇನ್ನೊಣಗಳ ಓಡಾಟ ಇದ್ದೇ ಇರುತ್ತದೆ. ಬೀಜಕ್ಕೆ ಬಿಡುವ ಹೂವಿಗೆ ಅರಳುವ ಮುನ್ನವೇ ತೆಳು ಬಟ್ಟೆಯ ಚೀಲ ಕಟ್ಟಿ. ಬ್ಯಾಡಗಿ ಮೆಣಸಿನ ಬೀಜ ಇಲ್ಲಿ ಮೊಳೆಯುತ್ತದೆ, ಬೆಳೆಯುತ್ತದೆ, ಆದರೆ ಹಣ್ಣಾದ ಮೇಲೆ ಒಣ ಹವೆ ಬೇಕು. ಪುಣೆಯ ಡಿಸೆಂಬರ್ ಅದಕ್ಕೆ ನಡೆಯುತ್ತದೆ.

ಮುಂಬೈಯವರಿಗೆ ಈ ಪಟ್ಟಿ ಹಾಗೇ ಹೊಂದುವುದಿಲ್ಲ. ಮಳೆ ಅಲ್ಲಿ ಪುಣೆಯ ಮೂರು ಪಟ್ಟು. ಬಯಲಲ್ಲಿ ಟೊಮೆಟೊ ಜೂನಿಗೆ ಬೇಡ, ಸೆಪ್ಟೆಂಬರಿಗೆ ಇಡಿ. ಬೆಂಡೆ, ಹೀರೆ, ಪಡವಲ, ಹರಿವೆ, ಬಸಳೆ ಸಾಕು. ಹವೆ ವರ್ಷವಿಡೀ ಒದ್ದೆಯಾದ್ದರಿಂದ ಫ್ರಿಜ್ ಅಲ್ಲಿ ಅನಿವಾರ್ಯ. ಗೋವೆಯಲ್ಲಿ ಮಳೆಗಾಲಕ್ಕೆಂದೇ ಇರುವ ಏಳು ಏಣಿನ ಉದ್ದ ಬೆಂಡೆ, ಕಾಣಕೋಣದ ಗುಡ್ಡದ ಇಳಿಜಾರಿನ ಖೋಲಾ ಮೆಣಸು ಇವೆ. ಇಂಥ ಬೀಜವನ್ನು ಬೆಳೆದವರ ಕೈಯಿಂದಲೇ ತರಬೇಕು.

ಮೇ 25ಕ್ಕೆ ಮಡಿಗೆ ಬೀಜ ಹಾಕಿದ ದಿನ ಖಾಲಿ ಪ್ಯಾಕೆಟ್ಟನ್ನು ಎಸೆಯದೆ, ಹತ್ತು ಬೀಜ ಒಳಗೇ ಉಳಿಸಿ, ಬಿಲ್ಲನ್ನು ಅದಕ್ಕೇ ಪಿನ್ ಮಾಡಿ, ಮೇಲೆ ಬಿತ್ತಿದ ತಾರೀಕು ಮತ್ತು ಪರೀಕ್ಷೆಯಲ್ಲಿ ಬಂದ ಅಂಕೆ ಬರೆದು ಅದೇ ಬಾಟಲಿಗೆ ಹಾಕುತ್ತೇವೆ. ಕಾಯಿ ನೋಡುವವರೆಗೆ ಅದು ಅಲ್ಲೇ ಇರುತ್ತದೆ.